ಬೀಗ, ಮೊಹರು, ತಾರೀಖು

2021ನೇ ಇಸವಿ ಅಕ್ಟೋಬರ್ ಮೊದಲ ವಾರದ ಮಾತು. ದೆಹಲಿಯ ನಮ್ಮ ಸರ್ಕಾರಿ ಕಾಲೊನಿಯ ಹತ್ತಿರವೇ ಮನೆ ಮಾಡಿಕೊಂಡಿರುವ ಹಿರಿಯರೊಬ್ಬರು ಭಾನುವಾರ ಬೆಳಿಗ್ಗೆ ನನಗೆ ಹೇಳಿ ಕಳುಹಿಸಿದರು. ಇವರನ್ನು ನಾವೆಲ್ಲ ರಾಯರು ಎಂದೇ ಕರೆಯುವುದು. ಮಲೆನಾಡಿನ ಕಡೆಯವರು. ಊರು ಬಿಟ್ಟು ನಲವತ್ತು ವರ್ಷವಾದರೂ ಬೆಳಗಿನ ಕಾಫಿಯೊಡನೆ ಊರ ಕಡೆಯ ಸುದ್ದಿ ಓದದಿದ್ದರೆ ಅವರಿಗೆ ದಿನ ಆರಂಭವಾಗುವುದಿಲ್ಲ. ಮಳೆ ಎಷ್ಟು ಬಿತ್ತು, ಅಡಿಕೆ ಧಾರಣೆ ಏನಾಯಿತು, ಯಾರು ತೀರಿಕೊಂಡರು, ಇವನ್ನೆಲ್ಲ ಕೊಡುವ ಒಂದು ಸಣ್ಣ ಕನ್ನಡ ಪುಟ ಅಂತರಜಾಲದಲ್ಲಿದೆ. ಅದು ಮೂರು ದಿನದಿಂದ ತೆರೆಯುತ್ತಿರಲಿಲ್ಲ.

"ಬ್ಯಾಂಕಿನ ಪುಟ ತೆರೆಯುತ್ತದೆ, ರೈಲಿನ ಪುಟ ತೆರೆಯುತ್ತದೆ. ಊರಿನವರು ಮಾತ್ರ ಬಾಗಿಲು ಹಾಕಿಕೊಂಡಿದ್ದಾರೆ ನೋಡಿ" ಎಂದು ರಾಯರು ನಕ್ಕರು. ಆ ನಗುವಿನಲ್ಲಿ ಬೇಸರವೇ ಹೆಚ್ಚಾಗಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಕೆಂಪು ಚಿಹ್ನೆ. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಕೆಳಗೆ ಸಣ್ಣ ಅಕ್ಷರದಲ್ಲಿ, ಅಪಾಯವಿದ್ದರೂ ಮುಂದುವರಿಯುವುದಾದರೆ ಇಲ್ಲಿ ಒತ್ತಿರಿ ಎಂಬ ಸೂಚನೆ. ಪಕ್ಕದ ಮನೆಯ ಹುಡುಗ ಅದನ್ನೇ ಒತ್ತಿ ಒಳಗೆ ಹೋಗುವ ಉಪಾಯ ಹೇಳಿಕೊಟ್ಟಿದ್ದನಂತೆ. ರಾಯರಿಗೆ ಧೈರ್ಯ ಸಾಲಲಿಲ್ಲ. ಅವರ ಅಂಜಿಕೆ ಎಷ್ಟು ಸರಿಯಾದುದೆಂಬುದು ಮುಂದೆ ಓದುಗರಿಗೇ ತಿಳಿಯುತ್ತದೆ.

ನಾನು ಓದಿದ್ದು ಬಿ.ಎಸ್‌ಸಿ., ಮಾಡುತ್ತಿರುವುದು ಗುಮಾಸ್ತಗಿರಿ. ಕಂಪ್ಯೂಟರ್ ತಜ್ಞನಲ್ಲ. ಆದರೆ ಕಚೇರಿಯಲ್ಲಿ ಇಂಥ ರಿಪೇರಿಗಳು ನನ್ನ ತಲೆಗೇ ಬರುವುದರಿಂದ ಒಂದು ವಿಷಯ ಮನದಟ್ಟಾಗಿದೆ. ಸುರಕ್ಷಿತ ಪುಟವೊಂದು ತೆರೆಯದಿದ್ದರೆ ದೋಷ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಡೆ ಇರುತ್ತದೆ: ಬೀಗದಲ್ಲಿ, ಮೊಹರಿನಲ್ಲಿ, ಇಲ್ಲವೇ ತಾರೀಖಿನಲ್ಲಿ. ಈ ಮೂರಕ್ಕೂ ಒಂದೊಂದು ಇತಿಹಾಸವಿದೆ. ಅದು ತಿಳಿಯದಿದ್ದರೆ ರಿಪೇರಿಯೆಂಬುದು ಕತ್ತಲಲ್ಲಿ ತಡಕಾಡಿದಂತೆಯೇ ಸರಿ.

ಮೊದಲು ಬೀಗದ ಮಾತು. ಅಂತರಜಾಲದಲ್ಲಿ ಸಂದೇಶವೊಂದು ಹತ್ತಾರು ಯಂತ್ರಗಳನ್ನು ದಾಟಿ ಹೋಗುತ್ತದೆ. ಬೀಗವಿಲ್ಲದಿದ್ದರೆ ಅದು ಪೋಸ್ಟ್ ಕಾರ್ಡಿನಂತೆ. ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು. ಗೂಢಲಿಪಿ ಎಂಬುದು ಪುರಾತನವಾದುದೇ. ಆದರೆ ಅದಕ್ಕೆ ಇಬ್ಬರೂ ಮೊದಲೇ ಸೇರಿ ಕೀಲಿಯನ್ನು ಹಂಚಿಕೊಂಡಿರಬೇಕಿತ್ತು. ಎಂದೂ ಮುಖ ನೋಡದ ಇಬ್ಬರು ಗುಟ್ಟು ಮಾತಾಡುವುದು ಹೇಗೆ? 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಇದಕ್ಕೊಂದು ಗಣಿತದ ಮಾರ್ಗ ತೋರಿಸಿದರು. ಮರುವರ್ಷ ಎಂ.ಐ.ಟಿ.ಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಎರಡು ಕೀಲಿಗಳ ಪದ್ಧತಿಯನ್ನು ಕಂಡುಹಿಡಿದರು. ರಸ್ತೆಬದಿಯ ಕೆಂಪು ಅಂಚೆಪೆಟ್ಟಿಗೆಯನ್ನು ನೆನೆಯಿರಿ. ಕಾಗದ ಹಾಕುವುದು ಯಾರಿಗೂ ಸಾಧ್ಯ, ತೆಗೆಯುವುದು ಕೀಲಿಯುಳ್ಳವನಿಗೆ ಮಾತ್ರ. ಸೂತ್ರ ಅಷ್ಟೇ. ಬ್ರಿಟನ್ನಿನ ಗೂಢಚಾರ ಇಲಾಖೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ ಎಂಬ ಗಣಿತಜ್ಞ ಇದೇ ಉಪಾಯವನ್ನು 1973ರಲ್ಲೇ ಕಂಡಿದ್ದನಂತೆ. ಆದರೆ ಅದು ಸರ್ಕಾರಿ ಗುಟ್ಟಾಗಿ ಉಳಿದು, 1997ರಲ್ಲಷ್ಟೇ ಲೋಕಕ್ಕೆ ತಿಳಿಯಿತು.

ಈ ಗಣಿತ ಜನಸಾಮಾನ್ಯರ ಕೈಗೆ ಬಂದದ್ದು ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಮೂಲಕ. ಅಂತರಜಾಲದಲ್ಲಿ ವ್ಯಾಪಾರ ನಡೆಯಬೇಕಾದರೆ ಹಣದ ಲೆಕ್ಕ ಗುಟ್ಟಾಗಿರಬೇಕು ಎಂದು ಆ ಕಂಪನಿ 1994ರಲ್ಲಿ ಎಸ್.ಎಸ್.ಎಲ್. ಎಂಬ ಬೀಗವನ್ನು ಸಿದ್ಧಪಡಿಸಿತು. ಮೊದಲನೆಯದು ಹೊರಗೇ ಬರಲಿಲ್ಲ. 1995ರಲ್ಲಿ ಬಂದ ಎರಡನೆಯದರಲ್ಲಿ ಲೋಪಗಳಿದ್ದವು. 1996ರ ಮೂರನೆಯದು ನಿಂತಿತು. ಆಗ ಅಲ್ಲಿ ಮುಖ್ಯ ವಿಜ್ಞಾನಿಯಾಗಿದ್ದವನು ಈಜಿಪ್ಟ್ ಮೂಲದ ತಾಹೆರ್ ಎಲ್‌ಗಮಲ್. 1999ರಲ್ಲಿ ಈ ಬೀಗ ಸಾರ್ವಜನಿಕ ಮಾನಕವಾಗಿ ಟಿ.ಎಲ್.ಎಸ್. ಎಂದು ಹೆಸರು ಬದಲಿಸಿಕೊಂಡಿತು.

ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದೇ ತಿಂಗಳು ಫ್ರಾನ್ಸಿನಲ್ಲೊಂದು ಸ್ವಾರಸ್ಯ ನಡೆಯಿತು. ಆಗಿನ ಅಮೆರಿಕದ ಕಾನೂನು ಗೂಢಲಿಪಿಯನ್ನು ಮದ್ದುಗುಂಡಿನ ಸಾಲಿನಲ್ಲಿಟ್ಟಿತ್ತು. ತನ್ನ ಜನರಿಗೆ 128 ಬಿಟ್ಟಿನ ಬೀಗ, ನಮ್ಮಂಥ ಪರದೇಶದವರಿಗೆ 40 ಬಿಟ್ಟಿನದು. 40 ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಕೀಲಿಗಳಲ್ಲಿ ಒಂದು. ಕೇಳುವುದಕ್ಕೆ ದೊಡ್ಡದೇ. ಆದರೆ ಡಮಿಯೆನ್ ಡೊಲಿಗೆಜ್ ಎಂಬ ಸಂಶೋಧಕ ತನ್ನ ಸಂಸ್ಥೆಯ ಕಂಪ್ಯೂಟರುಗಳನ್ನು ಬಿಡುವಿನ ವೇಳೆಯಲ್ಲಿ ದುಡಿಸಿ ಎಂಟೇ ದಿನಗಳಲ್ಲಿ ಅದನ್ನು ಒಡೆದು ತೋರಿಸಿದ. 128 ಬಿಟ್ಟಿನ ಕೀಲಿಗಳ ಸಂಖ್ಯೆಯಾದರೋ 39 ಅಂಕಿಗಳದು. ಆ ರೀತಿ ಹುಡುಕಿ ಮುಗಿಯುವಂಥದಲ್ಲ. ಅಮೆರಿಕ 2000ದಲ್ಲಿ ನಿರ್ಬಂಧವನ್ನು ಸಡಿಲಿಸಿತು. 2001ರ ಜೂನ್‌ನಲ್ಲಿ ನಮ್ಮ ರಿಸರ್ವ್ ಬ್ಯಾಂಕು ಇಂಟರ್‌ನೆಟ್ ಬ್ಯಾಂಕಿಂಗಿಗೆ ಕನಿಷ್ಠ 128 ಬಿಟ್ಟಿನ ಬೀಗವಿರಬೇಕೆಂದು ಸೂಚಿಸಿತು.

ದುರ್ಬಲ ಬೀಗವನ್ನು ಒಮ್ಮೆ ಹಂಚಿದರೆ ಅದರ ಪೀಡೆ ಬೇಗ ತೊಲಗುವುದಿಲ್ಲ. ಆ ಹಳೆಯ ರಫ್ತು ಬೀಗಗಳು ಎಷ್ಟೋ ಯಂತ್ರಗಳ ಮೂಲೆಯಲ್ಲಿ ಉಳಿದುಕೊಂಡಿದ್ದು, ಅವುಗಳ ಮೂಲಕ ಕನ್ನ ಹಾಕಬಹುದೆಂದು 2015ರಲ್ಲಿ ಪತ್ತೆಯಾಯಿತು. 2014ರ ಅಕ್ಟೋಬರಿನಲ್ಲಿ ಎಸ್.ಎಸ್.ಎಲ್. ಮೂರನೆಯ ಆವೃತ್ತಿಯೂ ಮುರಿದುಬಿದ್ದಿತ್ತು. ಹೀಗೆ ಹಳೆಯ ಬೀಗಗಳನ್ನು ಒಂದೊಂದಾಗಿ ತೆಗೆದುಹಾಕುವ ಕೆಲಸ ನಡೆಯಿತು. 1999ರ ಮತ್ತು 2006ರ ಟಿ.ಎಲ್.ಎಸ್. ಆವೃತ್ತಿಗಳನ್ನು ನಿಲ್ಲಿಸಲು ಬ್ರೌಸರ್ ಕಂಪನಿಗಳು ಗೊತ್ತುಮಾಡಿದ್ದು 2020ರ ಮಾರ್ಚ್ ತಿಂಗಳನ್ನು. ಫೈರ್‌ಫಾಕ್ಸ್ ನಿಲ್ಲಿಸಿಯೂ ಬಿಟ್ಟಿತು. ಅಷ್ಟರಲ್ಲಿ ಕೊರೊನಾ ಬಂತು. ರೋಗದ ಮಾಹಿತಿ ಕೊಡುವ ಕೆಲವು ಸರ್ಕಾರಿ ಪುಟಗಳು ಇನ್ನೂ ಹಳೆಯ ಬೀಗದಲ್ಲೇ ಇದ್ದುದರಿಂದ ಜನರಿಗೆ ಅವು ತೆರೆಯದಾದವು. ಫೈರ್‌ಫಾಕ್ಸಿನವರು ತಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡು ಹಳೆಯ ಬೀಗಕ್ಕೆ ತಾತ್ಕಾಲಿಕ ಜೀವ ಕೊಟ್ಟರು. ಭದ್ರತೆ ಮುಖ್ಯ, ಆದರೆ ಬಾಗಿಲಾಚೆ ಉಳಿದವನ ಗತಿಯೂ ಮುಖ್ಯವೆಂದು ಆಗ ಅವರಿಗೆ ತೋರಿದ್ದು ಮೆಚ್ಚತಕ್ಕ ಮಾತು.

ಇನ್ನು ಮೊಹರು. ಅಂಚೆಪೆಟ್ಟಿಗೆಯೇನೋ ಭದ್ರ. ಆದರೆ ಅದು ಅಂಚೆ ಇಲಾಖೆಯದೇ ಎಂಬುದಕ್ಕೆ ಏನು ಗ್ಯಾರಂಟಿ? ಕಳ್ಳನೊಬ್ಬ ಕೆಂಪು ಬಣ್ಣ ಬಳಿದು ತನ್ನದೊಂದು ಪೆಟ್ಟಿಗೆ ನಿಲ್ಲಿಸಿದರೆ? 1978ರಲ್ಲಿ ಎಂ.ಐ.ಟಿ.ಯ ವಿದ್ಯಾರ್ಥಿ ಲಾರೆನ್ ಕಾನ್‌ಫೆಲ್ಡರ್ ತನ್ನ ಪದವಿ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ಸೂಚಿಸಿದ: ಈ ಕೀಲಿ ಇಂಥವರದೇ ಎಂದು ನಂಬಿಕಸ್ಥನಾದ ಮೂರನೆಯವನೊಬ್ಬ ರುಜು ಹಾಕಿ ಪ್ರಮಾಣಪತ್ರ ಕೊಡುವುದು. ನಮ್ಮ ಗುಮಾಸ್ತ ವರ್ಗಕ್ಕೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಗೆಜೆಟೆಡ್ ಅಧಿಕಾರಿಯ ದೃಢೀಕರಣಕ್ಕಾಗಿ ಮಾರ್ಕ್ಸ್ ಕಾರ್ಡ್ ಹಿಡಿದು ಬಾಗಿಲಲ್ಲಿ ಕಾದವರೇ ನಾವೆಲ್ಲ. ಯಾವ ಯಾವ ಅಧಿಕಾರಿಗಳ ರುಜುವನ್ನು ನಂಬಬಹುದೆಂಬ ಒಂದು ಪಟ್ಟಿ ಪ್ರತಿಯೊಂದು ಕಂಪ್ಯೂಟರಿನೊಳಗೂ ಇರುತ್ತದೆ. ಫೈರ್‌ಫಾಕ್ಸ್ ಮೊದಲಿನಿಂದ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಕ್ರೋಮ್ ಬಹುಕಾಲ ವಿಂಡೋಸಿನ ಪಟ್ಟಿಯನ್ನೇ ನೋಡಿಕೊಳ್ಳುತ್ತಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟಿರಬೇಕು.

ಅಧಿಕಾರಿಯ ಮೊಹರೇ ಕಳುವಾದರೇನು ಗತಿ? 2011ರಲ್ಲಿ ಹಾಲೆಂಡಿನ ಡಿಜಿನೋಟಾರ್ ಎಂಬ ಪ್ರಮಾಣ ಸಂಸ್ಥೆಗೆ ಕನ್ನ ಹಾಕಿದವರು ಐನೂರಕ್ಕೂ ಹೆಚ್ಚು ಖೋಟಾ ಪತ್ರಗಳನ್ನು ಮಾಡಿಕೊಂಡರು. ಅವುಗಳಲ್ಲೊಂದು ಗೂಗಲ್ ಹೆಸರಿನದು. ಇರಾನಿನ ಸುಮಾರು ಮೂರು ಲಕ್ಷ ಸಂಪರ್ಕಗಳು ಅದರ ಬಲೆಗೆ ಬಿದ್ದವು. ಇದು ಹೊರಬಿದ್ದದ್ದು ಹೇಗೆಂದರೆ, ಇರಾನಿನ ಒಬ್ಬ ಸಾಮಾನ್ಯ ಬಳಕೆದಾರ ಅಂಚೆ ನೋಡಲು ಹೋದಾಗ ಕ್ರೋಮ್ ಒಂದು ಎಚ್ಚರಿಕೆ ತೋರಿಸಿತು. ಆತ ಅದನ್ನು ಕಡೆಗಣಿಸದೆ ನಾಲ್ಕು ಜನರ ಮುಂದಿಟ್ಟು, ಇದೇನೆಂದು ಕೇಳಿದ. ಡಿಜಿನೋಟಾರ್ ಅದೇ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು.

ನಮ್ಮಲ್ಲೂ ಇಂಥದು ನಡೆಯದೆ ಇಲ್ಲ. ದೆಹಲಿಯ ಲೋಧಿ ರಸ್ತೆಯ ಸಿ.ಜಿ.ಓ. ಕಾಂಪ್ಲೆಕ್ಸ್ ನಮ್ಮ ಕೇಂದ್ರ ನೌಕರರಿಗೆಲ್ಲ ಪರಿಚಿತ ಜಾಗ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ನೇಮಕವಾದ ಪ್ರಮಾಣ ಪ್ರಾಧಿಕಾರಗಳ ನಿಯಂತ್ರಕರು ಇರುವುದೂ ಅಲ್ಲಿಯೇ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಇರುವುದೂ ಅಲ್ಲಿಯೇ. 2014ರ ಜುಲೈ 2ರಂದು ಗೂಗಲ್ ಕಂಪನಿಯವರು ತಮ್ಮ ಹೆಸರಿನ ಅನಧಿಕೃತ ಪತ್ರಗಳು ಈ ಕೇಂದ್ರದ ಮೊಹರಿನೊಡನೆ ಹೊರಬಂದಿರುವುದನ್ನು ಕಂಡರು. ನಿಯಂತ್ರಕರು ತಡಮಾಡದೆ ಮರುದಿನವೇ ಕೇಂದ್ರದ ಅಧಿಕಾರಪತ್ರಗಳನ್ನು ರದ್ದುಪಡಿಸಿದರು. ಪತ್ರ ಕೊಡುವ ವ್ಯವಸ್ಥೆಯೇ ಕೆಟ್ಟಿತ್ತೆಂದು ತನಿಖೆಯಲ್ಲಿ ಕಂಡುಬಂತು. ಭಾರತದ ಮೊಹರನ್ನು ಭಾರತದ ಕೆಲವು ವಿಳಾಸಗಳಿಗೆ ಮಾತ್ರ ಒಪ್ಪುವುದೆಂದು ಕ್ರೋಮ್ ಮಿತಿ ಹಾಕಿತು. ಫೈರ್‌ಫಾಕ್ಸಿನ ಪಟ್ಟಿಯಲ್ಲಿ ಆ ಮೊಹರು ಇರಲೇ ಇಲ್ಲವಾದ್ದರಿಂದ ಅದಕ್ಕೇನೂ ಬಾಧೆಯಾಗಲಿಲ್ಲ. ಸರ್ಕಾರಿ ನೌಕರನಾಗಿ ಇದನ್ನು ಬರೆಯಲು ಸಂಕೋಚವೇ. ಆದರೆ ಮೊಹರು ಸರ್ಕಾರದ್ದಾದರೂ ಅದಕ್ಕೆ ಕಾವಲು ಬೇಕು ಎಂಬುದು ಇದರಿಂದ ಸ್ಪಷ್ಟ.

ಮೂರನೆಯದು ತಾರೀಖು. ಕೀಲಿ ಎಂದಾದರೂ ಕಳುವಾಗಬಹುದಾದ್ದರಿಂದ ಪ್ರತಿ ಪ್ರಮಾಣಪತ್ರಕ್ಕೂ ಇಂದಿನಿಂದ ಇಂದಿನವರೆಗೆ ಎಂಬ ಅವಧಿಯಿದೆ. ಪತ್ರವನ್ನು ನೋಡುವ ಬ್ರೌಸರ್ ತಾರೀಖು ಕೇಳುವುದು ತನ್ನ ಕಂಪ್ಯೂಟರಿನ ಗಡಿಯಾರವನ್ನು. ಹಳೆಯ ಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿತೆಂದರೆ ಗಡಿಯಾರ ಹತ್ತಾರು ವರ್ಷ ಹಿಂದೆ ಸರಿಯುತ್ತದೆ. ಆಗ ಎಲ್ಲ ಪತ್ರಗಳೂ ಇನ್ನೂ ಹುಟ್ಟದವುಗಳಾಗಿ ಕಾಣುತ್ತವೆ. ಕೆಲವೇ ರೂಪಾಯಿಗಳ ಬ್ಯಾಟರಿಗಾಗಿ ಇಡೀ ಕಂಪ್ಯೂಟರನ್ನು ಗುಜರಿಗೆ ಕೊಟ್ಟವರನ್ನು ನಾನು ಬಲ್ಲೆ.

ರಾಯರ ಮನೆಯಲ್ಲಿ ನಾನು ಮೊದಲು ನೋಡಿದ್ದು ಗಡಿಯಾರವನ್ನೇ. ತಾರೀಖು ಸರಿಯಾಗಿತ್ತು. ಬ್ಯಾಂಕಿನ ಪುಟ ತೆರೆಯುತ್ತಿದ್ದುದರಿಂದ ಬೀಗವೂ ಸರಿಯೆಂದಾಯಿತು. ಉಳಿದದ್ದು ಮೊಹರು. ಎಚ್ಚರಿಕೆಯ ವಿವರವನ್ನು ಬಿಡಿಸಿ ನೋಡಿದಾಗ ಗುಟ್ಟು ತಿಳಿಯಿತು.

ಹಿಂದೆಲ್ಲ ಪ್ರಮಾಣಪತ್ರಕ್ಕೆ ಹಣ ತೆರಬೇಕಾಗಿತ್ತು. ಸಣ್ಣ ಪತ್ರಿಕೆ, ಸಣ್ಣ ಸಂಘಗಳಿಗೆ ಅದು ಭಾರ. ಇದನ್ನು ಕಂಡು ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಹೆಸರಿನಲ್ಲಿ 2015ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತವಾಗಿ ಪತ್ರ ಕೊಡತೊಡಗಿತು. ಆದರೆ ಹೊಸ ಅಧಿಕಾರಿಯ ರುಜು ಯಾವ ಯಂತ್ರದ ಪಟ್ಟಿಯಲ್ಲೂ ಇರಲಿಲ್ಲ. ಆದ್ದರಿಂದ ಐಡೆನ್‌ಟ್ರಸ್ಟ್ ಎಂಬ ಹಳೆಯ ಸಂಸ್ಥೆ ತನ್ನ ಮೇಲುರುಜು ಹಾಕಿ ಎತ್ತಿ ಹಿಡಿಯಿತು. ಆ ಹಳೆಯ ಮೂಲಪತ್ರ ಹುಟ್ಟಿದ್ದು 2000ದ ಸೆಪ್ಟೆಂಬರ್ 30ರಂದು. ಅದರ ಆಯಸ್ಸು 21 ವರ್ಷ. ಎಂದರೆ 2021ರ ಸೆಪ್ಟೆಂಬರ್ 30ರಂದು, ನಮ್ಮ ಗಡಿಯಾರದಂತೆ ಸಂಜೆ 7 ಗಂಟೆ 31 ನಿಮಿಷಕ್ಕೆ, ಅದು ನಿವೃತ್ತವಾಯಿತು. ಅಷ್ಟರಲ್ಲಿ ಹೊಸಬನ ಸ್ವಂತ ರುಜುವನ್ನು ಪಟ್ಟಿಗೆ ಸೇರಿಸಿಕೊಂಡಿದ್ದ ಯಂತ್ರಗಳಿಗೆ ಏನೂ ತಿಳಿಯಲೇ ಇಲ್ಲ. ಸೇರಿಸಿಕೊಳ್ಳದ ಹಳೆಯ ಯಂತ್ರಗಳಿಗೆ ಮಾತ್ರ ಬಾಗಿಲು ಮುಚ್ಚಿತು.

ರಾಯರದು ವಿಂಡೋಸ್ 7ರ ಕಂಪ್ಯೂಟರ್. ನಿಧಾನವಾಗುತ್ತದೆಂದು ಯಾರೋ ಅಂಗಡಿಯವನು ಅದರ ನವೀಕರಣವನ್ನು ಎಂದೋ ನಿಲ್ಲಿಸಿಬಿಟ್ಟಿದ್ದ. ನಂಬಿಕೆಯ ಪಟ್ಟಿ ಅಲ್ಲಿಗೇ ನಿಂತುಹೋಗಿತ್ತು. ಬ್ಯಾಂಕು, ರೈಲು ಹಣ ಕೊಟ್ಟು ಬೇರೆಯವರ ಪತ್ರ ಪಡೆದವು, ತೆರೆಯುತ್ತಿದ್ದವು. ಊರಿನ ಪುಟ ಬಡವರದು, ಉಚಿತ ಪತ್ರದ್ದು; ಅದು ಮುಚ್ಚಿತು. ಬಡ ಪುಟ, ಹಳೆಯ ಯಂತ್ರ, ವಯಸ್ಸಾದ ಓದುಗ, ಈ ಮೂವರ ನಡುವೆಯೇ ಬಾಗಿಲು ಬಿದ್ದದ್ದು ನನಗೆ ಬಹಳ ಖೇದವನ್ನುಂಟುಮಾಡಿತು. ಫೈರ್‌ಫಾಕ್ಸ್ ಹಾಕಿಕೊಟ್ಟೆ. ಅದಕ್ಕೆ ತನ್ನದೇ ಪಟ್ಟಿಯುಂಟಷ್ಟೆ. ಪುಟ ಕೂಡಲೆ ತೆರೆಯಿತು. ಆಮೇಲೆ ನವೀಕರಣವನ್ನೂ ಚಾಲೂ ಮಾಡಿ, ಈ ಯಂತ್ರಕ್ಕೆ ಕಂಪನಿಯ ಬೆಂಬಲ 2020ರ ಜನವರಿಗೇ ಮುಗಿದಿದೆ, ಬದಲಿಸುವುದು ಲೇಸೆಂದು ಅವರ ಮಗನಿಗೆ ತಿಳಿಸಿದೆ.

ಪ್ರಮಾಣಪತ್ರಗಳ ಅವಧಿ ಈಗ ಇಳಿಯುತ್ತಲೇ ಇದೆ. 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕಿಂತ ಹೆಚ್ಚಿರಕೂಡದೆಂದು 2025ರಲ್ಲಿ ತೀರ್ಮಾನವಾಗಿದೆ. ಆದ್ದರಿಂದ ನಮ್ಮ ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಕೆಂಪು ಚಿಹ್ನೆ ಕಂಡರೆ ಮೊದಲು ತಾರೀಖು ನೋಡಿ. ಎಲ್ಲ ಪುಟಗಳೂ ಮುಚ್ಚಿವೆಯೋ, ಕೆಲವು ಮಾತ್ರವೋ ನೋಡಿ. ಬೇರೆ ಬ್ರೌಸರಿನಲ್ಲಿ ಪರೀಕ್ಷಿಸಿ. ಕಾರಣ ತಿಳಿಯುವವರೆಗೆ, ಮುಂದುವರಿಯಿರಿ ಎಂಬುದನ್ನು ಒತ್ತುವ ಅಭ್ಯಾಸವನ್ನು ಮಾತ್ರ ಕಲಿಸಬೇಡಿ. ಊರಿನ ಪುಟದಲ್ಲಿ ಕಲಿತ ಬೆರಳು ನಾಳೆ ಪಿಂಚಣಿಯ ಪುಟದಲ್ಲೂ ಒತ್ತುತ್ತದೆ. ನಿಂತು ಕೇಳಿದ ಆ ಇರಾನಿನ ಮನುಷ್ಯನಿಂದಲೇ ಕಳ್ಳತನ ಬಯಲಾಯಿತೆಂಬುದನ್ನು ಮರೆಯದಿರೋಣ. ನಮ್ಮ ರಾಯರು ಮಾಡಿದ್ದೂ ಅದನ್ನೇ.

ಅಂದು ಪುಟ ತೆರೆದಾಗ ರಾಯರು ಮೂರು ದಿನದ ಬಾಕಿಯನ್ನೆಲ್ಲ ಒಂದೇ ಸಲ ಓದಿದರು. ಓದುತ್ತ ಒಂದು ಕಡೆ ನಿಂತರು. ಅವರ ಶಾಲೆಯ ಗೆಳೆಯರೊಬ್ಬರು ಎರಡು ದಿನದ ಹಿಂದೆ ತೀರಿಕೊಂಡಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, "ಇವತ್ತಾದರೂ ತಿಳಿಯಿತಲ್ಲ" ಎಂದು ಊರಿಗೆ ಫೋನ್ ಮಾಡಲು ಎದ್ದರು.