ನೀರಗಂಟಿಯ ಕಣ್ಣು

ತೂಬೆತ್ತಿ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಗೆ ಯಾರು ಏನು ಬೆಳೆಯುತ್ತಿದ್ದಾರೆ ಎಂಬುದು ಹೇಗೂ ಗೊತ್ತಾಗುತ್ತದೆ. ಆ ಸುದ್ದಿಯನ್ನು ಅವನು ಗೊಬ್ಬರದಂಗಡಿಗೆ ಮಾರಲು ಹೊರಟರೆ? ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗಳಿಗೆ ಈ ಆಸೆ ಹುಟ್ಟಿ ಸುಮಾರು ಇಪ್ಪತ್ತು ವರ್ಷವಾಯಿತು. ಗೂಗಲ್ ಜಾಹೀರಾತಿನಲ್ಲಿ ದುಡ್ಡು ಬಾಚಿಕೊಳ್ಳುತ್ತಿತ್ತು. ಕೇಬಲ್ ಎಳೆದವರ ಪಾಲಿಗಿದ್ದದ್ದು ತಿಂಗಳ ಬಿಲ್ ಮಾತ್ರ.

ಬ್ರಿಟನ್ನಿನಲ್ಲಿ ಈ ಆಸೆಗೆ ಯಂತ್ರ ಒದಗಿಸಿದ್ದು ಫಾರ್ಮ್ ಎಂಬ ಕಂಪನಿ. 121ಮೀಡಿಯಾ ಎಂಬ ಹಳೆಯ ಹೆಸರಿನಲ್ಲಿದ್ದಾಗ ಅದರ ತಂತ್ರಾಂಶಕ್ಕೆ ಸ್ಪೈವೇರ್ ಎಂಬ ಅಪಖ್ಯಾತಿ ಅಂಟಿತ್ತು. ಜನರ ಕಂಪ್ಯೂಟರಿನಲ್ಲಿ ಕೂತರೆ ತಾನೇ ಕಿತ್ತೆಸೆಯುವುದು? ಫಾರ್ಮ್ ಹೋಗಿ ಸಂಪರ್ಕ ಕೊಡುವ ಕಂಪನಿಯ ಜಾಲದೊಳಗೇ ಕೂತಿತು. ಗ್ರಾಹಕ ತೆರೆದ ಪುಟದ ಪದಗಳನ್ನು ಹೆಕ್ಕಿ, ಅವನಿಗೊಂದು ಸಂಖ್ಯೆ ಕೊಟ್ಟು, 'ಕಾರು ಕೊಳ್ಳುವವ', 'ಪ್ರವಾಸಪ್ರಿಯ' ಎಂಬಂಥ ಗುಂಪಿಗೆ ಸೇರಿಸುವುದು ಅದರ ಕೆಲಸ. ಹೆಸರಿಲ್ಲ, ಬರೀ ನಂಬರು ಎಂಬುದು ಅದರ ಸಮರ್ಥನೆ. ಇಂಟರ್‌ನೆಟ್ ಸಂಪರ್ಕ ಕೊಡುವ ಬಿಟಿ ಕಂಪನಿ 2006 ಮತ್ತು 2007ರಲ್ಲಿ ಸಾವಿರಾರು ಗ್ರಾಹಕರ ಮೇಲೆ, ಅವರಿಗೊಂದು ಮಾತೂ ಹೇಳದೆ, ಇದನ್ನು ಪ್ರಯೋಗಿಸಿತು. 2008ರಲ್ಲಿ ಗುಟ್ಟು ರಟ್ಟಾಯಿತು. ತಾನು ಕ್ಯಾನ್ಸರಿನ ಬಗ್ಗೆ ಓದಿದ್ದು ವಿಮಾ ಕಂಪನಿಗೆ ತಲುಪಿ ಕಂತು ಏರಬಾರದು ಎಂದರು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ. ಮರುವರ್ಷ ಅಮೆಜಾನ್ ತನ್ನ ಪುಟಗಳನ್ನು ಫಾರ್ಮ್‌ಗೆ ಓದಗೊಡಲಿಲ್ಲ, ಐರೋಪ್ಯ ಆಯೋಗ ಬ್ರಿಟನ್ನಿನ ಮೇಲೆ ಕ್ರಮಕ್ಕಿಳಿಯಿತು, ಜುಲೈನಲ್ಲಿ ಬಿಟಿ ಕೈತೊಳೆದುಕೊಂಡಿತು. ಆ ಗುಪ್ತ ಪ್ರಯೋಗಗಳಿಗಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಅಮೆರಿಕದಲ್ಲಿ ಇದೇ ಹಾದಿ ಹಿಡಿದ ನೆಬುಆ್ಯಡ್ ಸಂಸತ್ತಿನ ಪ್ರಶ್ನೆಗಳಿಗೆ ಸಿಕ್ಕಿ 2009ರಲ್ಲಿ ಮುಚ್ಚಿತು. ವೆರೈಝನ್ ಇನ್ನೂ ಚುರುಕು. 2012ರಿಂದ ಅದು ಗ್ರಾಹಕರ ಮೊಬೈಲಿನಿಂದ ಹೊರಡುವ ವೆಬ್ ಕೋರಿಕೆಗಳಿಗೆ ದಾರಿಯಲ್ಲೇ ಒಂದು ಗುರುತು ಅಂಟಿಸುತ್ತಿತ್ತು. ಕುಕೀ ಅಳಿಸಿದರೂ ಇದು ಅಳಿಯದು; ಟರ್ನ್ ಎಂಬ ಜಾಹೀರಾತು ಕಂಪನಿಯಂತೂ ಈ ಗುರುತು ಹಿಡಿದು, ಅಳಿಸಿದ ಕುಕೀಗಳಿಗೇ ಮರುಜನ್ಮ ಕೊಟ್ಟಿತು. 2016ರಲ್ಲಿ ವೆರೈಝನ್‌ಗೆ ಬಿದ್ದ ದಂಡ 13.5 ಲಕ್ಷ ಡಾಲರ್. ಅಷ್ಟು ದೊಡ್ಡ ಕಂಪನಿಗೆ ಅದು ಚಿಲ್ಲರೆ. ಎಟಿ ಆ್ಯಂಡ್ ಟಿ ಅಂತೂ ಆಸ್ಟಿನ್ ನಗರದಲ್ಲಿ 'ನನ್ನನ್ನು ಗಮನಿಸಬೇಡಿ' ಎಂದವರಿಂದ ತಿಂಗಳಿಗೆ 29 ಡಾಲರ್ ಹೆಚ್ಚಿಗೆ ಕೇಳಿತು. ಖಾಸಗಿತನಕ್ಕೆ ಇಷ್ಟು ನೇರವಾಗಿ ಬೆಲೆಚೀಟಿ ಅಂಟಿಸಿದವರು ವಿರಳ.

ನಮ್ಮಲ್ಲೂ ಒಂದು ಪ್ರಸಂಗ ನಡೆಯಿತು. 2015ರಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು, ಏರ್‌ಟೆಲ್ 3ಜಿಯಲ್ಲಿ ತೆರೆದ ಪುಟದೊಳಗೆ ದಾರಿಯಲ್ಲಿ ಯಾರೋ ತುರುಕಿದ ಸ್ಕ್ರಿಪ್ಟ್ ಕಂಡು, ಅದನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್‌ನಲ್ಲಿಟ್ಟರು. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತಿಳಿಸಲು ಅದು ಎಂದಿತು ಏರ್‌ಟೆಲ್. ಸ್ಕ್ರಿಪ್ಟ್ ಬರೆದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್‌ನಿಂದ ಪ್ರೋಗ್ರಾಮರಿಗೇ ವಕೀಲರ ನೋಟಿಸು ಬಂತು.

ಈ ಎಲ್ಲ ತಂತ್ರಗಳೂ ನಿಂತಿದ್ದದ್ದು ಒಂದೇ ನೆಲದ ಮೇಲೆ: ವೆಬ್ ಪುಟಗಳು ಬಿಚ್ಚಿದ ಕಾಗದದಂತೆ ಓಡಾಡುತ್ತಿದ್ದವು. ಸ್ನೋಡೆನ್ 2013ರಲ್ಲಿ ಸರ್ಕಾರಿ ಕಣ್ಗಾವಲನ್ನು ಬಯಲು ಮಾಡಿದ ಮೇಲೆ, ಪುಟಗಳನ್ನು ಮುಚ್ಚಿ ಕಳಿಸುವ ಗೂಢಲಿಪೀಕರಣಕ್ಕೆ ಬಿರುಸು ಬಂತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಪುಕ್ಕಟೆ ಹಂಚಿತು. ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ಎಂದು ನನ್ನ ಅಂದಾಜು. ಅಮೆರಿಕದ ಕಾನೂನನ್ನೇ ನೋಡಿ: ಗ್ರಾಹಕರ ಒಪ್ಪಿಗೆ ಕಡ್ಡಾಯ ಮಾಡಿದ 2016ರ ನಿಯಮಗಳನ್ನು, ಜಾರಿಗೆ ಬರುವ ಮುನ್ನವೇ, 2017ರ ಏಪ್ರಿಲ್‌ನಲ್ಲಿ ರದ್ದು ಮಾಡಲಾಯಿತು.

ಪುಟ ಕಾಣದಿದ್ದರೂ ತಾಣದ ಹೆಸರು ಹಲವು ಸಲ ಇನ್ನೂ ಕಾಣುತ್ತದೆ. ಅದನ್ನೂ ಮರೆಮಾಡಲು ಬ್ರೌಸರ್ ತಯಾರಕ ಮೊಝಿಲ್ಲಾ ಮುಂದಾದಾಗ, 2019ರಲ್ಲಿ ಬ್ರಿಟನ್ನಿನ ಸೇವಾದಾರರ ಸಂಘ 'ಇಂಟರ್‌ನೆಟ್ ಖಳನಾಯಕ' ಪಟ್ಟಕ್ಕೆ ಅದರ ಹೆಸರು ಸೂಚಿಸಿತು; ಜನ ಛೀಮಾರಿ ಹಾಕಿದ ಮೇಲೆ ಹಿಂದೆಗೆದುಕೊಂಡಿತು. ಈಗ ಯುರೋಪಿನ ದೊಡ್ಡ ಟೆಲಿಕಾಂಗಳು ಯುಟಿಕ್ ಎಂಬ ಹೆಸರಿನಲ್ಲಿ, ಗ್ರಾಹಕರ ಸಂಪರ್ಕದಿಂದಲೇ ಒಂದು ಗುರುತು ಹುಟ್ಟಿಸಿ ಜಾಹೀರಾತುದಾರರಿಗೆ ಒದಗಿಸುತ್ತಿವೆ, ಒಪ್ಪಿಗೆ ಕೇಳಿಯೇ.

ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೇಳಬೇಕೆನ್ನುತ್ತದೆ. ಆ ಕೋರಿಕೆಯನ್ನು ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶವಿರಬೇಕು. ಅಂದರೆ ಕನ್ನಡದಲ್ಲೂ. ಆ ಕನ್ನಡ ಹೇಗಿರುತ್ತದೋ ನೋಡುವ ಕುತೂಹಲ ನನಗೆ.