ವಾರದ ತೋಟ: ಬ್ರಿಟನ್ನಿನ ಟೆಲಿವಿಷನ್ ತೋಟಗಾರಿಕೆಯಿಂದ ನೋಡುಗರು ಬಯಸಿದ್ದೇನು?

ತೋಟಗಾರಿಕೆಯ ಟೆಲಿವಿಷನ್ ಕಾರ್ಯಕ್ರಮಗಳನ್ನು ಜನ ಏಕೆ ನೋಡುತ್ತಾರೆ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಗಿಡ ಬೆಳೆಸುವುದನ್ನು ಕಲಿಯಲು ಎಂಬುದು ಒಂದು, ಹೂವು ಹಸಿರು ನೋಡಿ ಕಣ್ಣು ತಣಿಸಿಕೊಳ್ಳಲು ಎಂಬುದು ಇನ್ನೊಂದು. ಬ್ರಿಟನ್ನಿನ ಅನುಭವವನ್ನು ಮುಂದಿಟ್ಟುಕೊಂಡರೆ ಈ ಎರಡೂ ಅರೆ ಉತ್ತರಗಳೆಂದು ತಿಳಿಯುತ್ತದೆ. ಬಿಬಿಸಿ ತನ್ನ ಟೆಲಿವಿಷನ್ ಸೇವೆಯನ್ನು ಆರಂಭಿಸಿದ್ದು 1936ರ ನವೆಂಬರಿನಲ್ಲಿ. ಅದೇ ತಿಂಗಳು ತೋಟದ ಮಾತು ಪರದೆಯ ಮೇಲೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಯಾವ ಕಾರ್ಯಕ್ರಮಗಳು ಬಾಳಿದವು, ಯಾವುವು ಅಬ್ಬರಿಸಿ ಮರೆಯಾದವು, ಯಾವಾಗ ನೋಡುಗರು ಮುನಿಸಿಕೊಂಡರು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೂರನೆಯ ಉತ್ತರವೊಂದು ಕಾಣುತ್ತದೆ. ವಾರ ವಾರವೂ ಮರಳಿ ನೋಡಬಹುದಾದ ಒಂದೇ ತೋಟ, ಅದರ ಏಳುಬೀಳಿಗೆ ಹೊಣೆಯಾಗುವ ಒಬ್ಬ ಮನುಷ್ಯ, ಮತ್ತು ತಮ್ಮ ಹಿತ್ತಲಿನ ಋತುವಿನ ಜೊತೆಗೇ ಸಾಗುವ ಋತು: ನೋಡುಗರು ಬಯಸಿದ್ದು ಇವನ್ನು. ಕಲಿಕೆ, ಸೊಬಗು ಎರಡಕ್ಕೂ ಅಲ್ಲಿ ಜಾಗವಿತ್ತು, ಆದರೆ ಅವು ಈ ನಂಟಿನ ಆಸರೆಯಲ್ಲೇ ನಿಂತವು.

ಈ ನಂಟಿನ ಬೇರು ಟೆಲಿವಿಷನ್ನಿಗಿಂತ ಹಳೆಯದು. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಹೊಸ ಮನೆಗಳು ಎದ್ದವು. ಅವುಗಳಲ್ಲಿ ಬಹುಪಾಲಿಗೆ ಮುಂದೊಂದು ಹಿಂದೊಂದು ತುಂಡು ನೆಲವಿತ್ತು. ಪೇಟೆಯ ಇಕ್ಕಟ್ಟಿನ ಸಾಲುಮನೆಗಳಿಂದ ಬಂದ ಎಷ್ಟೋ ಕುಟುಂಬಗಳಿಗೆ ಗುದ್ದಲಿ ಹಿಡಿಯುವುದು ಹೊಸ ಕೆಲಸ. ಅವರಿಗೆ 1931ರಿಂದ ರೇಡಿಯೋದಲ್ಲಿ ಜೊತೆಯಾದವರು ಸಿ. ಎಚ್. ಮಿಡಲ್ಟನ್, ನಾರ್ಥ್ಯಾಂಪ್ಟನ್‌ಶೈರಿನ ದೊಡ್ಡಮನೆಯೊಂದರ ಮುಖ್ಯ ತೋಟಗಾರನ ಮಗ. ಪಾಠ ಒಪ್ಪಿಸುವ ದನಿಯನ್ನು ಬಿಟ್ಟು, ಬೇಲಿಯಾಚೆ ನಿಂತ ನೆರೆಯವರಂತೆ ಹವೆಯ ಮಾತಿನಿಂದ ಶುರುಮಾಡುವುದು ಅವರ ರೀತಿ. ಪರದೆಯ ಮೇಲೆ ಮೊದಲು ತೋಟದ ಮಾತಾಡಿದವರೂ ಅವರೇ. 1939ರಲ್ಲಿ ಯುದ್ಧ ಬಂದು ಟೆಲಿವಿಷನ್ ನಿಂತುಹೋಯಿತು. ಸರ್ಕಾರ ಆಹಾರ ಬೆಳೆಯಿರೆಂದು ಕರೆಕೊಟ್ಟಾಗ ಭಾನುವಾರ ಮಧ್ಯಾಹ್ನದ ಮಿಡಲ್ಟನ್ ಅವರ ರೇಡಿಯೋ ಮಾತು ದೇಶದ ಅಗತ್ಯವಾಯಿತು. ಜನ ಕೇಳಿದ್ದು ಕಲಿಯಲಿಕ್ಕೇ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗದು. ಅದನ್ನು ನಾನು ಒಪ್ಪುತ್ತೇನೆ, ಆ ಕಾಲದ ಮಟ್ಟಿಗೆ. ಆಲೂಗಡ್ಡೆ ಬೆಳೆಯದಿದ್ದರೆ ತಟ್ಟೆ ಬರಿದಾಗುವ ಹೊತ್ತಿನಲ್ಲಿ ಕೇಳುಗನಿಗೆ ಬೇಕಾದದ್ದು ವಿಧಾನವೇ. ನಮ್ಮಲ್ಲಿ 1967ರ ಜನವರಿ 26ರಂದು ದೆಹಲಿಯಿಂದ ಆರಂಭವಾದ ‘ಕೃಷಿ ದರ್ಶನ’ದ ನೆಲೆಯೂ ಅದೇ. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸಿದ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಊರುಗಳೂ ಇದ್ದವು. ಬೇಸಾಯದ ಮಾತು ಅಲ್ಲಿನ ಮುಖ್ಯ ವಿಷಯಗಳಲ್ಲೊಂದು. ಆದರೆ ಬೆಳೆ ಬದುಕಿನ ಆಧಾರವಾಗಿರುವ ಕಡೆ ಸಲ್ಲುವ ಮಾತನ್ನು, ಸಂಜೆ ಕೆಲಸ ಮುಗಿಸಿ ಬಂದು ಹಿತ್ತಲಲ್ಲಿ ಗುಲಾಬಿ ಸವರುವವರಿಗೆ ಹಾಗೆಯೇ ಅನ್ವಯಿಸಲಾಗದು.

ಯುದ್ಧದ ನಂತರದ ದಶಕಗಳು ಈ ವ್ಯತ್ಯಾಸವನ್ನು ಸ್ಪಷ್ಟಮಾಡುತ್ತವೆ. 1955ರಲ್ಲಿ ಶುರುವಾದ ‘ಗಾರ್ಡನಿಂಗ್ ಕ್ಲಬ್’ ಸ್ಟುಡಿಯೋದೊಳಗೆ ನಡೆಯುತ್ತಿತ್ತು. ಕ್ಯಾಮೆರಾಗೆ ಬೆಳಕು ಪ್ರತಿಫಲಿಸದಿರಲೆಂದು ಗಾಜೇ ಇಲ್ಲದ ಗಾಜಿನಮನೆ, ಹೊತ್ತು ತಂದು ಸುರಿದ ಮಣ್ಣು. ಷ್ರೂಸ್‌ಬರಿಯ ಉದ್ಯಾನಗಳ ಮೇಲ್ವಿಚಾರಕರಾಗಿದ್ದ ಪರ್ಸಿ ಥ್ರೋವರ್ ಟೈ ಕಟ್ಟಿಕೊಂಡು ಬಂದು, ಕೋಟು ಕಳಚಿ ತೂಗುಹಾಕಿ, ಕೆಲಸಕ್ಕೆ ಇಳಿಯುತ್ತಿದ್ದರು. ಚಿತ್ರ ಕಪ್ಪುಬಿಳುಪು, ಹೂವಿನ ಬಣ್ಣವನ್ನು ಅವರು ಬಾಯಲ್ಲೇ ಹೇಳಬೇಕು. ಸೊಬಗೇ ಸೆಳೆತವಾಗಿದ್ದರೆ ಹನ್ನೆರಡು ವರ್ಷ ಜನ ಇದನ್ನು ಏಕೆ ನೋಡಿದರು? ಬಣ್ಣ ಬಂದದ್ದು 1967ರಲ್ಲಿ, ಬಿಬಿಸಿಯ ಎರಡನೇ ವಾಹಿನಿಗೆ. ಅದರ ಬೆನ್ನಿಗೇ, 1968ರ ಜನವರಿಯಲ್ಲಿ ‘ಗಾರ್ಡನರ್ಸ್ ವರ್ಲ್ಡ್’ ಆರಂಭವಾಯಿತು. ಬಣ್ಣದ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು, ಅದು ಬಣ್ಣಕ್ಕಿಂತ ದೊಡ್ಡದೆಂದು ನನ್ನ ತೀರ್ಮಾನ: ಕ್ಯಾಮೆರಾ ಸ್ಟುಡಿಯೋ ಬಿಟ್ಟು ನಿಜವಾದ ನೆಲಕ್ಕೆ ಬಂತು. ಥ್ರೋವರ್ ತಮ್ಮ ಸ್ವಂತ ಮನೆ ‘ದಿ ಮ್ಯಾಗ್ನೋಲಿಯಾಸ್’ನ ತೋಟವನ್ನೇ ತೋರಿಸತೊಡಗಿದರು. ನೋಡುಗರು ಅವರ ಮೇಲಿಟ್ಟ ನಂಬಿಕೆಗೆ ಬೆಲೆಯಿತ್ತು ಎಂಬುದಕ್ಕೆ ಬಿಬಿಸಿಯೇ ಸಾಕ್ಷಿ. 1970ರ ದಶಕದ ನಡುವಿನಲ್ಲಿ ಥ್ರೋವರ್ ಐಸಿಐ ಕಂಪನಿಯ ತೋಟದ ಸರಕುಗಳ ಜಾಹೀರಾತಿಗೆ ಒಪ್ಪಿ ವಾಣಿಜ್ಯ ವಾಹಿನಿಯಲ್ಲಿ ಕಾಣಿಸಿಕೊಳ್ಳಲು ಹೊರಟಾಗ, ಅಷ್ಟು ಹೆಸರಾಂತ ನಿರೂಪಕರನ್ನೇ ಅದು ಕೈಬಿಟ್ಟಿತು.

ಆ ನಂಟು ಎಲ್ಲಕ್ಕಿಂತ ಗಾಢವಾದದ್ದು ಜೆಫ್ ಹ್ಯಾಮಿಲ್ಟನ್ ಅವರ ಕಾಲದಲ್ಲಿ. 1979ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಅವರೇ ‘ಗಾರ್ಡನರ್ಸ್ ವರ್ಲ್ಡ್’ನ ನಿರೂಪಕರು. ರಟ್‌ಲಂಡಿನ ಬಾರ್ನ್ಸ್‌ಡೇಲ್‌ನಲ್ಲಿ ಅವರು ಮಾಡಿದ್ದು ಸಾಮಾನ್ಯರ ಹಿತ್ತಲಿನ ಅಳತೆಯ ಹಲವು ತುಂಡು ತೋಟಗಳನ್ನು. ‘ಕಾಟೇಜ್ ಗಾರ್ಡನ್ಸ್’ ಎಂಬ ಸರಣಿಗೆ ಎರಡು ತೋಟಗಳನ್ನು ಅಕ್ಕಪಕ್ಕ ಕಟ್ಟಿದರು: ಉಳ್ಳವರಿಗೊಂದು, ಕೈಗೆಲಸದವನ ಜೇಬಿಗೆ ಹೊಂದುವಂಥದ್ದೊಂದು. ಹಳೇ ಹಲಗೆಗಳಿಂದ ತಾವೇ ಬಡಿದು ಜೋಡಿಸಿದ ಪೆಟ್ಟಿಗೆಯಲ್ಲಿ ಸಸಿ ಎಬ್ಬಿಸುತ್ತಿದ್ದರು. ಜೌಗುನೆಲ ಅಗೆದು ತೆಗೆಯುವ ಪೀಟ್ ಬಳಸಬೇಡಿ ಎಂದು, ಅಂಗಡಿಗಳೆಲ್ಲ ಅದನ್ನೇ ಮಾರುತ್ತಿದ್ದ ಕಾಲದಲ್ಲಿ ಹೇಳಿದರು. ಆ ಮಾತು ನಾಟಿದ್ದು ಹೇಳಿದ ಮನುಷ್ಯ ಅದೇ ಮಣ್ಣಿನಲ್ಲಿ, ನೋಡುಗರ ಕಣ್ಣೆದುರೇ, ವರ್ಷಗಟ್ಟಲೆ ಕೈಯಾಡಿಸಿದ್ದರಿಂದ. ಕಾರ್ಯಕ್ರಮದ ವೇಳೆಯನ್ನೂ ಗಮನಿಸಬೇಕು. ಬಹುಕಾಲದಿಂದ ಅದು ಶುಕ್ರವಾರ ಸಂಜೆಯದು. ಕೊನೆಯಲ್ಲಿ ವಾರಾಂತ್ಯಕ್ಕೆ ಎರಡು ಮೂರು ಕೆಲಸಗಳನ್ನು ಹೇಳಿ ಮುಗಿಸುವುದು ವಾಡಿಕೆ. ಇಂದು ರಾತ್ರಿ ನೋಡಿದ್ದನ್ನು ನಾಳೆ ಬೆಳಿಗ್ಗೆ ಮಾಡಬಹುದು. ಪರದೆಯ ಟೊಮೆಟೊ ಸಸಿಗೂ ಮನೆಯ ಟೊಮೆಟೊ ಸಸಿಗೂ ಒಂದೇ ವಯಸ್ಸು.

ಪರದೆಯ ತೋಟವನ್ನು ಜನ ತಮ್ಮದೆಂದು ಬಗೆಯುತ್ತಿದ್ದರು ಎಂಬುದಕ್ಕೆ ಮಕ್ಕಳ ಲೋಕದಿಂದ ಒಂದು ಪುರಾವೆಯಿದೆ. ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಥ್ರೋವರ್ ಲಂಡನ್ನಿನ ಬಿಬಿಸಿ ಕಟ್ಟಡದ ಬಳಿ ಒಂದು ತೋಟ ಮಾಡಿಕೊಟ್ಟಿದ್ದರು. 1983ರಲ್ಲಿ ದುಷ್ಕರ್ಮಿಗಳು ರಾತ್ರಿ ಒಳನುಗ್ಗಿ ಗಿಡ ತುಳಿದು, ಹೂದಾನಿ ಒಡೆದು, ಮೀನಿನ ಕೊಳಕ್ಕೆ ಎಣ್ಣೆ ಸುರಿದರು. ಅಲ್ಲಿ ಹಾಳಾದದ್ದು ಕೆಲವೇ ಮೊಳ ನೆಲ. ಆದರೂ ಆ ಸಂಚಿಕೆ ಒಂದು ತಲೆಮಾರಿನ ಬ್ರಿಟಿಷರ ನೆನಪಿನಲ್ಲಿ ಉಳಿದುಬಂದಿದೆ. ಅಲಂಕಾರಕ್ಕೆ ಕಟ್ಟಿದ ಸೆಟ್ ಒಡೆದಿದ್ದರೆ ಹೀಗಾಗುತ್ತಿರಲಿಲ್ಲ; ವಾರ ವಾರ ಬೆಳೆಯುವುದನ್ನು ಕಂಡಿದ್ದ ಗಿಡಗಳು ಅವು.

ಈ ವಾದಕ್ಕೆ ಬಲವಾದ ಆಕ್ಷೇಪ ‘ಗ್ರೌಂಡ್ ಫೋರ್ಸ್’ನಿಂದ ಬರುತ್ತದೆ. 1997ರಿಂದ 2005ರವರೆಗೆ ನಡೆದ ಈ ಕಾರ್ಯಕ್ರಮದಲ್ಲಿ ಮನೆಯವರು ಊರಲ್ಲಿಲ್ಲದಾಗ ಒಂದು ತಂಡ ಬಂದು ಎರಡೇ ದಿನದಲ್ಲಿ ಹಿತ್ತಲಿನ ರೂಪ ಬದಲಿಸುತ್ತಿತ್ತು: ಮರದ ಹಾಸು, ಚಿಮ್ಮುವ ನೀರು, ಬೆಳೆದ ಗಿಡಗಳನ್ನೇ ತಂದು ನೆಟ್ಟ ಪಾತಿಗಳು. ಅದರ ಉಚ್ಛ್ರಾಯದಲ್ಲಿ ನೋಡುಗರು ಒಂದು ಕೋಟಿ ಮೀರಿದ್ದರು. ದಕ್ಷಿಣ ಆಫ್ರಿಕಾದಲ್ಲಿ ನೆಲ್ಸನ್ ಮಂಡೇಲಾ ಅವರ ಮನೆಯ ತೋಟವನ್ನೂ ಆ ತಂಡ ಮಾಡಿತು. ‘ಗಾರ್ಡನರ್ಸ್ ವರ್ಲ್ಡ್’ ಎಂದೂ ಅಷ್ಟು ಜನರನ್ನು ಕಂಡದ್ದಲ್ಲ. ಹಾಗಾದರೆ ಜನರಿಗೆ ಬೇಕಾದದ್ದು ದಿಢೀರ್ ಬದಲಾವಣೆಯೇ ಅಲ್ಲವೇ? ಇಲ್ಲಿ ಇತಿಹಾಸವೇ ಒಂದು ಹೋಲಿಕೆಯನ್ನು ಒದಗಿಸಿದೆ. ಎರಡೂ ಕಾರ್ಯಕ್ರಮಗಳ ನಿರೂಪಕರು ಕೆಲವು ವರ್ಷ ಒಬ್ಬರೇ, ಅಲನ್ ಟಿಚ್‌ಮಾರ್ಷ್. ಒಂದರಲ್ಲಿ ಪರರ ಹಿತ್ತಲು, ಇನ್ನೊಂದರಲ್ಲಿ ಹ್ಯಾಂಪ್‌ಶೈರಿನ ಅವರದೇ ತೋಟ. ಹಿತ್ತಲು ಬದಲಿಸುವ ಆಟದ ಕುತೂಹಲವೆಲ್ಲ ಮರಳಿ ಬಂದ ಒಡೆಯರ ಮುಖದ ಅಚ್ಚರಿಯಲ್ಲಿತ್ತು. ಬಾಗಿಲು ತೆರೆದರೆ ಕಥೆ ಮುಗಿಯಿತು. ಅದು ಮನೆ ನವೀಕರಣದ ಕಾರ್ಯಕ್ರಮಗಳ ಒಡಹುಟ್ಟು, ಗಿಡ ಅಲ್ಲಿ ಪೀಠೋಪಕರಣ. ಅದನ್ನು ಹಗುರವಾಗಿ ಕಾಣಬೇಕಿಲ್ಲ, ಎಷ್ಟೋ ಮಂದಿಯನ್ನು ಮೊದಲ ಬಾರಿಗೆ ಹಿತ್ತಲಿಗೆ ಇಳಿಸಿದ್ದು ಅದೇ ಇರಬಹುದು. ಆದರೆ ಎಂಟು ವರ್ಷದಲ್ಲಿ ಅದು ಮುಗಿಯಿತು, ಶುಕ್ರವಾರದ ತೋಟ ಉಳಿಯಿತು. ಹೆಚ್ಚು ಜನ ನೋಡಿದ್ದನ್ನೂ ಹೆಚ್ಚು ಕಾಲ ಬೇಕೆನಿಸಿದ್ದನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ತಪ್ಪು.

2009ರಲ್ಲಿ ‘ಗಾರ್ಡನರ್ಸ್ ವರ್ಲ್ಡ್’ ಬರ್ಮಿಂಗ್‌ಹ್ಯಾಮ್‌ನ ಗ್ರೀನೇಕರ್ ಎಂಬ ಹೊಸ ಜಾಗದಿಂದ ಹೊಸ ರೂಪದಲ್ಲಿ ಬಂದಾಗ ಹಳೇ ನೋಡುಗರು ಬಹಿರಂಗವಾಗಿ ಬೇಸರಪಟ್ಟರು. ನಿರೂಪಕ ಟೋಬಿ ಬಕ್‌ಲಂಡ್ ಅವರ ಪರಿಣತಿಯಲ್ಲಿ ಕೊರತೆಯಿರಲಿಲ್ಲ. ಅವರು ವೃತ್ತಿಯಿಂದಲೇ ಸಸ್ಯ ಬೆಳೆಗಾರರು. ಅವರಿಗಿಂತ ಮೊದಲೂ ಆಮೇಲೂ ಬಂದ ಮಾಂಟಿ ಡಾನ್ ತೋಟಗಾರಿಕೆಯನ್ನು ಶಾಸ್ತ್ರೀಯವಾಗಿ ಕಲಿತವರಲ್ಲ. ಕಲಿಕೆಯೇ ಬಯಕೆಯಾಗಿದ್ದರೆ ನೋಡುಗರ ಒಲವು ತಿರುವುಮುರುವು ಆಗಬೇಕಿತ್ತು. ಬೋಳು ನೆಲದ ಮೇಲೆ ಕಾರ್ಯಕ್ರಮಕ್ಕೆಂದೇ ಎಬ್ಬಿಸಿದ ತೋಟಕ್ಕೆ ಹಿನ್ನೆಲೆಯಿರಲಿಲ್ಲ. ಯಾರೂ ಅಲ್ಲಿ ವಾಸವಿರಲಿಲ್ಲ. ಸಂಕಲನದ ಚುರುಕು, ತುಣುಕು ತುಣುಕಾದ ಪ್ರಸಂಗಗಳು ಕೂಡ ಬೇಸರಕ್ಕೆ ಕಾರಣವಾದವು ಎಂಬುದನ್ನು ಅಲ್ಲಗಳೆಯಲಾಗದು. 2011ರಲ್ಲಿ ಡಾನ್ ಮರಳಿದ್ದು ಹೆರೆಫರ್ಡ್‌ಶೈರಿನ ತಮ್ಮ ಸ್ವಂತ ಮನೆಯ ತೋಟಕ್ಕೆ. ಅಲ್ಲಿನ ಬಾಕ್ಸ್ ಗಿಡದ ಬೇಲಿಗಳಿಗೆ ಶಿಲೀಂಧ್ರ ರೋಗ ತಗುಲಿತು. ಹಲವು ವರ್ಷ ಕತ್ತರಿಸಿ ಕತ್ತರಿಸಿ ಆಕಾರಕ್ಕೆ ತಂದ ಗಿಡಗಳ ಎಲೆ ಕಂದಿ ಉದುರಿ, ಒಳಗಿನ ಬೋಳು ಕಡ್ಡಿ ಕಾಣತೊಡಗಿತು. ಕೊನೆಗೆ ಕಿತ್ತು ಹಾಕಿದರು, ಕ್ಯಾಮೆರಾದ ಮುಂದೆಯೇ. ನಿರ್ಮಾಪಕರ ಲೆಕ್ಕದಲ್ಲಿ ಕಂದಿದ ಬೇಲಿ ಕೆಟ್ಟ ಚಿತ್ರ. ಅದೇ ರೋಗ ತಮ್ಮ ಬೇಲಿಗೂ ಬಂದು ಕಂಗೆಟ್ಟವರಿಗೆ ಆ ದೃಶ್ಯ ಯಾವ ಹೂರಾಶಿಗಿಂತಲೂ ಬೇಕಾದದ್ದು.

ಹಾಗೆಂದು ಒಂದೇ ತೋಟ ಎಲ್ಲರಿಗೂ ಸಾಲದು ಎಂಬ ದೂರಿನಲ್ಲಿ ಹುರುಳಿದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಸಸಿ ಹೊರಗೆ ನೆಡುವ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಇನ್ನೂ ಹಿಮ ಬೀಳುವ ಭಯ. ಅದಕ್ಕಾಗಿಯೇ 1978ರಲ್ಲಿ ಅಬರ್ಡೀನ್‌ನಿಂದ ‘ಬೀಚ್‌ಗ್ರೋವ್ ಗಾರ್ಡನ್’ ಹುಟ್ಟಿತು, ಜಿಮ್ ಮೆಕಾಲ್ 2019ರವರೆಗೂ ಅದರ ಮುಖವಾಗಿದ್ದರು. ದೂರಿಗೆ ಸಿಕ್ಕ ಪರಿಹಾರವೂ ಇನ್ನೊಂದು ಖಾಯಂ ತೋಟವೇ, ನಲವತ್ತು ವರ್ಷ ಅದೇ ಮನುಷ್ಯನೇ ಎಂಬುದು ಗಮನಾರ್ಹ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೆ ಎಕರೆಗಟ್ಟಲೆ ತೋಟ ಏನು ಹೇಳೀತು ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಅದಕ್ಕೆ ಉತ್ತರ ಸಿಕ್ಕಿದ್ದು 2020ರ ಲಾಕ್‌ಡೌನ್ ಸಮಯದಲ್ಲಿ. ಚಿತ್ರೀಕರಣ ತಂಡಗಳು ಊರೂರು ತಿರುಗುವಂತಿರಲಿಲ್ಲ. ನೋಡುಗರೇ ತಮ್ಮ ಫೋನಿನಲ್ಲಿ ಚಿತ್ರಿಸಿ ಕಳಿಸಿದ ತೋಟಗಳು ‘ಗಾರ್ಡನರ್ಸ್ ವರ್ಲ್ಡ್’ನಲ್ಲಿ ಬಂದವು. ಹಿತ್ತಲಿನ ಅಂಗೈಯಗಲದ ನೆಲ, ಮೆಟ್ಟಿಲ ಮೇಲಿನ ಕುಂಡ, ಕಿಟಕಿಯ ಸಸಿ, ಅದನ್ನು ಹಿಡಿದು ನಡುಗುವ ಕೈ, ಆಚೆ ಕೇಳುವ ಮಗುವಿನ ದನಿ. ಚಿತ್ರದ ಗುಣಮಟ್ಟ ಕಡಿಮೆ, ಹೇಳಿದ ವಿಷಯ ಹೊಸದಲ್ಲ. ನಿರ್ಬಂಧಗಳು ಸಡಿಲವಾದ ಮೇಲೂ ಜನ ಅವನ್ನು ಕಳಿಸುತ್ತಲೇ ಇದ್ದರು, ಕಾರ್ಯಕ್ರಮ ಅವಕ್ಕೆ ಜಾಗ ಕೊಡುತ್ತಲೇ ಬಂತು.