ಬನವಾಸಿ ಸೀಮೆಯ ದೇವರ ಪೆಟ್ಟಿಗೆ: ಒಂದು ಶಿಲಾಸಂಗ್ರಹ

ಸ್ಫಟಿಕ ಮತ್ತು ಖನಿಜಗಳ ಸಂಗ್ರಹವೆಂದರೆ ವಸ್ತುಸಂಗ್ರಹಾಲಯದ ಗಾಜಿನ ಕಪಾಟುಗಳನ್ನು ನೆನೆಯುವುದು ರೂಢಿ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕ ಮನೆಗಳಲ್ಲಿ ಪಂಚಾಯತನ ಪೂಜೆಗೆಂದು ಇರಿಸಿಕೊಂಡ ದೇವರ ಪೆಟ್ಟಿಗೆಯನ್ನೂ ಒಂದು ಶಿಲಾಸಂಗ್ರಹವೆಂದು ಪರಿಶೀಲಿಸಲು ಅವಕಾಶವಿದೆ. ಶಿಲೆಯ ಗುಣವನ್ನು ದೈವದೊಡನೆ ಬೆಸೆಯುವುದು ಈ ನೆಲಕ್ಕೆ ಹೊಸತಲ್ಲ. ಬನವಾಸಿಯ ಮಧುಕೇಶ್ವರನಿಗೆ ಆ ಹೆಸರು ಲಿಂಗದ ಜೇನುಬಣ್ಣದಿಂದ ಬಂದಿತೆಂಬ ನಂಬಿಕೆಯೂ, ಮಧು-ಕೈಟಭರ ಕಥೆಯಿಂದ ಬಂದಿತೆಂಬ ನಂಬಿಕೆಯೂ ಜೊತೆಜೊತೆಯಾಗಿ ಉಳಿದುಬಂದಿವೆ.

ಪಂಚಾಯತನದಲ್ಲಿ ಐದು ದೇವತೆಗಳಿಗೆ ಐದು ಶಿಲೆಗಳು. ಸೂರ್ಯನಿಗೆ ತಂಜಾವೂರಿನ ಬಳಿಯ ವಲ್ಲಂನ ಸ್ಫಟಿಕ, ಅಂಬಿಕೆಗೆ ಶ್ರೀಕಾಳಹಸ್ತಿಯ ಬಳಿ ಹರಿಯುವ ಸ್ವರ್ಣಮುಖಿಯ ಹೊನ್ನಗೆರೆಯ ಕಲ್ಲು, ವಿಷ್ಣುವಿಗೆ ನೇಪಾಳದ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಾನದಿಯ ಕೆಂಪು ಶಿಲೆ. ಇಷ್ಟದೇವತೆಯ ಶಿಲೆಯನ್ನು ನಡುವಿನಲ್ಲಿಯೂ ಉಳಿದ ನಾಲ್ಕನ್ನು ಮೂಲೆಗಳಲ್ಲಿಯೂ ಇರಿಸುವುದು ಕ್ರಮ. ವಿಜ್ಞಾನದ ದೃಷ್ಟಿಯಿಂದ ಸಾಲಿಗ್ರಾಮವು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಸ್ಫಟಿಕ, ಬಾಣಲಿಂಗಗಳು ಕ್ವಾರ್ಟ್ಸ್ ವರ್ಗದವು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಸಾಲಿಗ್ರಾಮ, ಬಾಣಲಿಂಗಗಳನ್ನು ಯಾರೂ ಕಡೆಯುವುದಿಲ್ಲ, ಅವುಗಳಿಗೆ ಪ್ರತಿಷ್ಠಾವಿಧಿಯೂ ಬೇಕಿಲ್ಲ. ನದಿ ಕೊಟ್ಟ ರೂಪವೇ ಪ್ರಮಾಣ. ಖನಿಜಸಂಗ್ರಾಹಕನೂ ಉಜ್ಜಿ ನಯಗೊಳಿಸದ ಸಹಜ ರೂಪಕ್ಕೇ ಬೆಲೆ ಕೊಡುತ್ತಾನೆ. ಎರಡನೆಯದಾಗಿ, ಪ್ರತಿಯೊಂದು ಕಲ್ಲಿಗೂ ತವರಿನ ಹೆಸರು ಅಂಟಿಕೊಂಡಿದೆ. ದೊರೆತ ಸ್ಥಳ ತಿಳಿಯದ ಮಾದರಿಗೆ ಸಂಗ್ರಹಶಾಸ್ತ್ರದಲ್ಲಿ ಬೆಲೆ ಕಡಿಮೆ. ಕಪಾಟಿನಲ್ಲಿ ಚೀಟಿ ಮಾಡುವ ಕೆಲಸವನ್ನು ಮನೆಯಲ್ಲಿ ಹಿರಿಯರ ಮಾತು ಮಾಡುತ್ತದೆ. ಭೇದವೂ ಇದೆ: ಸಂಗ್ರಾಹಕನು ಒಡಕನ್ನು ದೋಷವೆನ್ನುತ್ತಾನೆ; ಒಡೆದ ಸಾಲಿಗ್ರಾಮವೂ ಪೂಜಾರ್ಹವೆಂಬುದು ಸಂಪ್ರದಾಯದ ನಿಲುವು.

ಈ ಬಾಯಿಮಾತಿನ ಚೀಟಿಯೇ ಇಂದು ಅಪಾಯದಲ್ಲಿದೆ. ಮಕ್ಕಳು ನಗರ ಸೇರಿದಂತೆ ಪೆಟ್ಟಿಗೆ ಕೈ ಬದಲಿಸುತ್ತದೆ; ಇಲ್ಲವೇ ನಿತ್ಯಪೂಜೆ ಸಾಗದೆಂದು ಶಿಲೆಗಳು ಮಠವನ್ನೋ ಹೊಳೆಯನ್ನೋ ಸೇರುತ್ತವೆ. ಪೇಟೆಯಲ್ಲಿ ಸ್ಫಟಿಕವೆಂದು ಗಾಜನ್ನು ಮಾರುವುದೂ ಉಂಟು. ಸ್ಫಟಿಕವು ಗಾಜನ್ನು ಗೀರಬಲ್ಲದಾದ್ದರಿಂದ, ವಸ್ತು ಯಾವುದೆಂಬುದನ್ನು ಪರೀಕ್ಷೆಯಿಂದ ತಿಳಿಯಬಹುದು. ಆದರೆ ಅದನ್ನು ಯಾರು, ಯಾವ ಯಾತ್ರೆಯಲ್ಲಿ, ಯಾವ ನದಿಯಿಂದ ತಂದರೆಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಕಲ್ಲು ಸಾವಿರ ವರ್ಷ ಬಾಳೀತು. ಅದರ ಕಥೆ ಒಂದು ತಲೆಮಾರಿನ ಮೌನಕ್ಕೇ ಅಳಿಯುತ್ತದೆ. ಆದ್ದರಿಂದ ಜಾನಪದ ಕ್ಷೇತ್ರಕಾರ್ಯವು ಕಲ್ಲನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಮೊದಲು ಅದರ ಮಾತನ್ನು ದಾಖಲಿಸಬೇಕಾಗಿದೆ.